ಡೇ ಕೇರ್‌ಗೆ ಸೇರಿಸುವಾಗ ಲಸಿಕೆ ಕಾರ್ಡ್ ಕೇಳುವುದು ತಪ್ಪೇ?

ಪುಟಾಣಿಪಾಲಕಿ, ಮೈಸೂರು

ಎಲ್ಲರಿಗೂ ನಮಸ್ಕಾರ. ಮನೆಯ ಕೆಳಮಹಡಿಯಲ್ಲಿ ಡೇ ಕೇರ್ ನಡೆಸುತ್ತಿದ್ದೇನೆ. ಏಳು ತಿಂಗಳ ಕೂಸಿನಿಂದ ಹಿಡಿದು ಯುಕೆಜಿ ಮುಗಿಸಿ ಮಧ್ಯಾಹ್ನ ಬರುವವರವರೆಗೆ ಎಲ್ಲ ವಯಸ್ಸಿನವರೂ ಇದ್ದಾರೆ. ಸೇರಿಸಿಕೊಳ್ಳುವಾಗ ಜನನ ಪ್ರಮಾಣಪತ್ರ, ತಂದೆತಾಯಿಯ ಗುರುತಿನ ಚೀಟಿ, ಲಸಿಕೆ ಕಾರ್ಡಿನ ಪ್ರತಿ ಕೇಳುತ್ತೇನೆ. ಮೊದಲ ಎರಡು ಮರುದಿನವೇ ಬರುತ್ತವೆ. ಮೂರನೆಯದಕ್ಕೆ ಮಾತ್ರ "ಊರಿನಲ್ಲಿದೆ", "ಅತ್ತೆಯ ಬೀರುವಿನಲ್ಲಿದೆ", "ಮನೆ ಬದಲಿಸುವಾಗ ಯಾವುದೋ ಡಬ್ಬ ಸೇರಿದೆ" ಎಂಬ ಉತ್ತರ.

ಈಗ ಎರಡು ವರ್ಷದ ಹುಡುಗನೊಬ್ಬನ ತಂದೆ ನೇರವಾಗಿ ಜಗಳಕ್ಕೆ ನಿಂತಿದ್ದಾರೆ. "ಅದು ನಮ್ಮ ಮನೆಯ ವಿಷಯ, ಕೇಳಲು ನಿಮಗೆ ಯಾವ ಕಾನೂನು ಅಧಿಕಾರ ಕೊಟ್ಟಿದೆ ತೋರಿಸಿ" ಎನ್ನುತ್ತಾರೆ. ಇದನ್ನು ಕೇಳಿಸಿಕೊಂಡ ಏಳು ತಿಂಗಳ ಕೂಸಿನ ತಾಯಿ, "ಆ ಹುಡುಗ ಬರುವುದಾದರೆ ನಾನು ಮಗುವನ್ನು ಕಳುಹಿಸುವುದಿಲ್ಲ" ಎಂದು ಪಟ್ಟು ಹಿಡಿದಿದ್ದಾರೆ. ಅವರ ಕಿವಿಗೆ ಹೇಗೆ ಬಿತ್ತು ಎಂದು ಕೇಳಬೇಡಿ. ಗೇಟಿನ ಬಳಿ ಆ ಮಹಾಶಯರು ಆಡಿದ್ದನ್ನು ಅರ್ಧ ಬೀದಿ ಕೇಳಿಸಿಕೊಂಡಿದೆ.

ಕಾರ್ಡ್ ಇಲ್ಲದವರನ್ನು ಸೇರಿಸಿಕೊಳ್ಳಬೇಕೇ, ಬೇಡವೇ? ಸೇರಿಸಿಕೊಂಡರೆ ಎಷ್ಟು ಗಡುವು ಕೊಡುತ್ತೀರಿ? ಇದೇ ಕೆಲಸ ಮಾಡುವವರು ದಯವಿಟ್ಟು ಹೇಳಿ.

ಜಯನಗರದ ಪ್ಲೇಹೋಮ್

ಯೋಚಿಸುವುದೇನಿದೆ? ಕಾರ್ಡ್ ಇಲ್ಲ ಎಂದರೆ ಸೀಟೂ ಇಲ್ಲ. ನಮ್ಮ ಪ್ರವೇಶ ಅರ್ಜಿಯಲ್ಲೇ ಅಚ್ಚು ಹಾಕಿಸಿದ್ದೇವೆ. ಒಬ್ಬರಿಗೆ ರಿಯಾಯಿತಿ ಕೊಟ್ಟರೆ ನಾಳೆ ನಾಲ್ವರು ಬರುತ್ತಾರೆ.

ಬಿಸಿಬೇಳೆ

ನಿಮ್ಮ ಗೇಟಿನ ಮುಂದೆ ಸೀಟಿಗಾಗಿ ಸಾಲು ನಿಂತಿರುತ್ತದೆ ಮೇಡಂ, ಅದಕ್ಕೇ ಈ ಧೈರ್ಯ. ಸಣ್ಣ ಊರಿನಲ್ಲಿ ಎರಡು ಮಕ್ಕಳು ಬಿಟ್ಟರೆ ಆಯಾ ಸಂಬಳಕ್ಕೆ ಕತ್ತರಿ.

ಕರಿಕೋಟು

ಕಾನೂನಿನ ಮಾತು ಬಂದಿದ್ದರಿಂದ ಹೇಳುತ್ತೇನೆ. ಡೇ ಕೇರ್‌ಗಾಗಲಿ ಶಾಲೆಗಾಗಲಿ ಸೇರಲು ಲಸಿಕೆ ಕಡ್ಡಾಯ ಎನ್ನುವ ಕೇಂದ್ರ ಕಾನೂನು ನಮ್ಮಲ್ಲಿಲ್ಲ. ಆ ತಂದೆ ಹೇಳಿದ್ದರಲ್ಲಿ ಅಷ್ಟರ ಮಟ್ಟಿಗೆ ಸತ್ಯವಿದೆ. 2022ರ ಮೇ 2ರಂದು ಜೇಕಬ್ ಪುಲಿಯೆಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ ಎಂದು ಸಂವಿಧಾನದ 21ನೇ ವಿಧಿಯನ್ನು ಮುಂದಿಟ್ಟು ಹೇಳಿತು. ಜೊತೆಗೆ, ಸಾರ್ವಜನಿಕ ಆರೋಗ್ಯಕ್ಕಾಗಿ ಸರ್ಕಾರ ಪ್ರಮಾಣ ಮೀರದ ನಿರ್ಬಂಧ ಹೇರಬಹುದು ಎಂದೂ ಹೇಳಿತು. ಅದು ಕೋವಿಡ್ ಲಸಿಕೆಯ ಪ್ರಕರಣ ಎನ್ನುವುದನ್ನು ಮರೆಯಬಾರದು.

ಆದರೆ ಪುಟಾಣಿಪಾಲಕಿಯವರು ಯಾರಿಗೂ ಬಲವಂತವಾಗಿ ಸೂಜಿ ಚುಚ್ಚುತ್ತಿಲ್ಲ. ದಾಖಲೆ ಕೇಳುತ್ತಿದ್ದಾರೆ. ಖಾಸಗಿ ಡೇ ಕೇರ್ ಪ್ರವೇಶ ಎನ್ನುವುದು ಇಬ್ಬರ ನಡುವಿನ ಕರಾರು, ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ ಇರುವುದು 6ರಿಂದ 14 ವರ್ಷದವರಿಗೆ. ಷರತ್ತನ್ನು ಬರವಣಿಗೆಯಲ್ಲಿ ಇಡಿ, ಎಲ್ಲರಿಗೂ ಒಂದೇ ಷರತ್ತು ಇರಲಿ, ಹಣ ಕಟ್ಟಿಸಿಕೊಳ್ಳುವ ಮೊದಲೇ ತಿಳಿಸಿ. ಹಣ ಕಟ್ಟಿಸಿಕೊಂಡ ಮೇಲೆ ಹೊಸ ನಿಯಮ ತೆಗೆದರೆ ನೀವೇ ಸಿಕ್ಕಿಬೀಳುತ್ತೀರಿ.

ಎರಡುಮಕ್ಕಳತಂದೆ

ನಾನು ಆ ತಂದೆಯ ಪರ. ತಾಯಿ ಕಾರ್ಡಿನಲ್ಲಿ ಹೆಂಡತಿಯ ಹೆರಿಗೆ ವಿವರ, ರಕ್ತ ಪರೀಕ್ಷೆ, ಫೋನ್ ನಂಬರ್ ಎಲ್ಲ ಇರುತ್ತದೆ. ನನ್ನ ಮಗಳ ಹಿಂದಿನ ಪ್ಲೇಹೋಮಿನವರು ವಾಟ್ಸ್ಆ್ಯಪ್ ಗುಂಪಿನಲ್ಲಿ "ಎಲ್ಲರೂ ಕಾರ್ಡಿನ ಫೋಟೊ ಇಲ್ಲೇ ಹಾಕಿ" ಎಂದಿದ್ದರು. ಹಾಕಿದವರೂ ಇದ್ದರು! ಮಧ್ಯಾಹ್ನದೊಳಗೆ ಯಾರ ಹೆರಿಗೆ ಸಿಸೇರಿಯನ್, ಯಾರದ್ದು ಸಹಜ ಎಂದು ಗುಂಪಿಗೆಲ್ಲ ಗೊತ್ತಾಯಿತು.

ಕರಿಕೋಟು

ಇದು ನ್ಯಾಯವಾದ ಆಕ್ಷೇಪ. ಲಸಿಕೆ ಪುಟ ಒಂದರ ಪ್ರತಿ ಸಾಕು, ಉಳಿದ ಪುಟಗಳು ನಿಮಗೆ ಬೇಡ. ತೆಗೆದುಕೊಂಡದ್ದನ್ನು ಬೀಗ ಹಾಕುವ ಕಡೆ ಇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯಂತೂ ಮಕ್ಕಳ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ.

ಗುರುವಾರದಕ್ಕ

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆರೋಗ್ಯ ಸಹಾಯಕಿಯಾಗಿದ್ದು ನಿವೃತ್ತಳಾದವಳು ನಾನು. ಹಾವೇರಿ ಜಿಲ್ಲೆ. ಹೆಸರು ನೋಡಿಯೇ ಗೊತ್ತಾಗಿರಬೇಕು, ನಮ್ಮಲ್ಲಿ ಲಸಿಕೆಯ ದಿನ ಗುರುವಾರ.

ಸೇರಿಸಬೇಕೇ ಬೇಡವೇ ಎಂದು ಜಗಳವಾಡುವ ಮೊದಲು ಕಾರ್ಡನ್ನು ಓದಲು ಕಲಿಯಿರಿ. ಕಾರ್ಡ್ ಇದೆ ಎಂದ ಮಾತ್ರಕ್ಕೆ ಲಸಿಕೆ ಆಗಿದೆ ಎಂದಲ್ಲ. ಹುಟ್ಟಿದಾಗ ಕ್ಷಯದ ಬಿಸಿಜಿ, ಪೋಲಿಯೊ ಹನಿ, ಹೆಪಟೈಟಿಸ್ ಬಿ. ಆರು, ಹತ್ತು, ಹದಿನಾಲ್ಕು ವಾರಕ್ಕೆ ಐದು ರೋಗಗಳಿಗೆ ಒಂದೇ ಸೂಜಿಯಾದ ಪೆಂಟಾವೇಲೆಂಟ್, ಭೇದಿಯ ರೋಟಾ, ಪೋಲಿಯೊ ಹನಿ. ಆರು ಮತ್ತು ಹದಿನಾಲ್ಕಕ್ಕೆ ನ್ಯುಮೋನಿಯದ ಪಿಸಿವಿ, ಪೋಲಿಯೊ ಇಂಜೆಕ್ಷನ್ ಕೂಡ. ಒಂಬತ್ತು ತಿಂಗಳಿಗೆ ದಡಾರ-ರುಬೆಲ್ಲಾ ಮೊದಲ ಡೋಸ್, ಪಿಸಿವಿ ಬೂಸ್ಟರ್, ವಿಟಮಿನ್ ಎ. ಪೋಲಿಯೊ ಇಂಜೆಕ್ಷನ್ನಿನ ಮೂರನೆಯ ಡೋಸ್ ಇಲ್ಲಿಗೆ ಸೇರಿದ್ದು 2023ರಲ್ಲಿ, ಆದ್ದರಿಂದ ದೊಡ್ಡ ಮಕ್ಕಳ ಕಾರ್ಡಿನಲ್ಲಿ ಅದಿಲ್ಲವೆಂದು ಗಾಬರಿಯಾಗಬೇಡಿ. 16ರಿಂದ 24 ತಿಂಗಳೊಳಗೆ ದಡಾರ-ರುಬೆಲ್ಲಾ ಎರಡನೆಯದು, ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯುವಿನ ಡಿಪಿಟಿ ಬೂಸ್ಟರ್, ಪೋಲಿಯೊ ಹನಿ. ಐದು ತುಂಬಿದ ಮೇಲೆ ಡಿಪಿಟಿ ಎರಡನೆಯ ಬೂಸ್ಟರ್. ಕೆಲವು ಜಿಲ್ಲೆಗಳಲ್ಲಿ ಮೆದುಳು ಜ್ವರದ ಜೆಇ ಲಸಿಕೆಯೂ ಇದೆ.

ಒಂಬತ್ತು ತಿಂಗಳವರೆಗೆ ಎಲ್ಲರೂ ಸರಿಯಾಗಿ ಬರುತ್ತಾರೆ. ತಪ್ಪುವುದೆಲ್ಲ 16 ತಿಂಗಳದ್ದು. ಯಾಕೆ ಗೊತ್ತೇ? ಹೆರಿಗೆ ರಜೆ 26 ವಾರ. ಆರು ತಿಂಗಳಿಗೆ ತಾಯಿ ಕೆಲಸಕ್ಕೆ ಮರಳುತ್ತಾಳೆ. ಬಾಣಂತನದ ತವರಿನಲ್ಲಿ ಆಶಾ ಕಾರ್ಯಕರ್ತೆ ಮನೆಗೆ ಬಂದು ಕರೆಯುತ್ತಿದ್ದಳು, ಗಂಡನ ಊರಿನ ಬಾಡಿಗೆ ಮನೆಯಲ್ಲಿ ಇವರಿದ್ದಾರೆ ಎಂದು ಅಲ್ಲಿನ ಆಶಾಗೆ ಗೊತ್ತೇ ಇರುವುದಿಲ್ಲ. ಮಗು ಇರುವುದು ಡೇ ಕೇರ್‌ನಲ್ಲಿ. ಕರೆಯುವವರು ಯಾರು? ನೀವೇ.

ಇನ್ನೊಂದು. ಮುಂದಿನ ದಿನಾಂಕವನ್ನು ನಾವು ಪೆನ್ಸಿಲ್‌ನಲ್ಲಿ ಬರೆಯುತ್ತಿದ್ದೆವು, ಹಾಕಿದ ಮೇಲೆ ಪೆನ್ನಿನಲ್ಲಿ. ಫೋಟೊದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಮೂಲ ಕಾರ್ಡನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ.

ಪುಟಾಣಿಪಾಲಕಿ, ಮೈಸೂರು

ಅಕ್ಕಾ, ಪೆನ್ಸಿಲ್ ವಿಷಯ ಓದಿ ಎದ್ದುಹೋಗಿ ಫೈಲ್ ತೆಗೆದೆ. ನನ್ನಲ್ಲಿರುವುದೆಲ್ಲ ಜೆರಾಕ್ಸ್! ಇಬ್ಬರದ್ದು ಅನುಮಾನ ಬರುವಂತಿದೆ.

ಜಯನಗರದ ಪ್ಲೇಹೋಮ್

ಕಾರ್ಡ್ ನಿಜವಾಗಿಯೂ ಕಳೆದಿದ್ದರೆ?

ಗುರುವಾರದಕ್ಕ

ಹಾಕಿಸಿದ ಕೇಂದ್ರದ ರಿಜಿಸ್ಟರಿನಲ್ಲಿ ಇರುತ್ತದೆ. ತಾಯಿ ಕಾರ್ಡಿನ ನಂಬರ್ ಅಥವಾ ಆಗ ಕೊಟ್ಟ ಫೋನ್ ನಂಬರ್ ಹೇಳಿದರೆ ಹುಡುಕಿ ಕೊಡುತ್ತಾರೆ. ಈಚೆಗೆ ಹುಟ್ಟಿದವರದ್ದು ಸರ್ಕಾರದ ಲಸಿಕೆ ದಾಖಲೆಯ ತಾಣವಾದ ಯು-ವಿನ್‌ನಲ್ಲಿ ದಾಖಲಾಗಿದ್ದರೆ ಮೊಬೈಲಿನಲ್ಲೇ ಪ್ರಮಾಣಪತ್ರ ಸಿಗುತ್ತದೆ. ಖಾಸಗಿ ಆಸ್ಪತ್ರೆಯಲ್ಲಿ ಹಾಕಿಸಿದ್ದರೆ ಅವರ ಪುಸ್ತಕವನ್ನು ಕೇಳಿ, ಅದರಲ್ಲಿ ಲಸಿಕೆ ಬಾಟಲಿಯ ಸ್ಟಿಕ್ಕರ್ ಅಂಟಿಸಿರುತ್ತಾರೆ.

ನಾಟಿಮದ್ದು

ನಮ್ಮ ಕಾಲದಲ್ಲಿ ಇಷ್ಟೆಲ್ಲ ಇತ್ತೇ? ನಮ್ಮಜ್ಜಿ ಒಂಬತ್ತು ಹೆತ್ತರು, ಬೇವಿನ ಸೊಪ್ಪು ಬಿಟ್ಟರೆ ಬೇರೆ ಔಷಧ ಕಂಡವರಲ್ಲ. ಈಗ ಮಗು ಕಣ್ಣು ಬಿಡುವ ಮೊದಲೇ ಸೂಜಿ. ಈ ದಡಾರದ ಇಂಜೆಕ್ಷನ್ನಿನಿಂದ ಆಟಿಸಂ ಬರುತ್ತದೆ ಎಂದು ವಿದೇಶದ ವೈದ್ಯರೇ ಬರೆದಿದ್ದಾರಂತೆ.

ಬಿಸಿಬೇಳೆ

ಒಂಬತ್ತರಲ್ಲಿ ಉಳಿದವರು ಎಷ್ಟು ಎಂದೂ ಅಜ್ಜಿಯನ್ನು ಕೇಳಿದ್ದೀರಾ?

ನಾಟಿಮದ್ದು

ಐವರು. ಅದು ಬೇರೆ ವಿಷಯ.

ಬಿಸಿಬೇಳೆ

ಬೇರೆ ವಿಷಯವಂತೆ!

ದಾವಣಗೆರೆ ಮಕ್ಕಳ ವೈದ್ಯ

ನಾಟಿಮದ್ದು ಅವರೇ, ಆ ಲೇಖನ ಬರೆದವರು ಆ್ಯಂಡ್ರೂ ವೇಕ್‌ಫೀಲ್ಡ್, 1998ರಲ್ಲಿ, ಲ್ಯಾನ್ಸೆಟ್ ಪತ್ರಿಕೆಯಲ್ಲಿ. ಅದರಲ್ಲಿದ್ದದ್ದು ಹನ್ನೆರಡು ಮಕ್ಕಳ ವಿವರ. ಪತ್ರಿಕೆಯೇ 2010ರಲ್ಲಿ ಅದನ್ನು ಹಿಂತೆಗೆದುಕೊಂಡಿತು, ಅದೇ ವರ್ಷ ಬ್ರಿಟನ್ನಿನ ವೈದ್ಯಕೀಯ ಮಂಡಳಿ ಅವರ ಹೆಸರನ್ನು ವೈದ್ಯರ ಪಟ್ಟಿಯಿಂದ ಅಳಿಸಿತು. ಆ ಮೇಲೆ ಹಲವು ದೇಶಗಳಲ್ಲಿ ಲಕ್ಷಾಂತರ ಮಕ್ಕಳನ್ನು ನೋಡಿದರೂ ಅಂಥ ಸಂಬಂಧ ಕಂಡಿಲ್ಲ. ನೀವು ಹಿಡಿದುಕೊಂಡಿರುವುದು ಮಾಲೀಕರೇ ಬಿಸಾಡಿದ ಕಾಗದ.

ಈಗ ಏಳು ತಿಂಗಳ ಕೂಸಿನ ತಾಯಿಯ ಭಯದ ಬಗ್ಗೆ. ಆ ಭಯಕ್ಕೆ ಕಾರಣವಿದೆ. ದಡಾರ ಗಾಳಿಯಲ್ಲಿ ಹರಡುತ್ತದೆ, ಗುಳ್ಳೆ ಕಾಣಿಸಿಕೊಳ್ಳುವುದಕ್ಕೆ ನಾಲ್ಕು ದಿನ ಮೊದಲೇ ಮಗು ಸೋಂಕು ಹಂಚುತ್ತಿರುತ್ತದೆ. ಅಷ್ಟು ಹೊತ್ತಿಗೆ ಒಂದೇ ಚಾಪೆಯಲ್ಲಿ ಮಲಗಿರುವವರಿಗೆಲ್ಲ ತಲುಪಿರುತ್ತದೆ. ತಾಯಿಯಿಂದ ಬಂದ ರಕ್ಷಣೆ ಆ ವಯಸ್ಸಿಗೆ ತೆಳುವಾಗಿರುತ್ತದೆ, ಲಸಿಕೆಗೆ ಇನ್ನೂ ಒಂಬತ್ತು ತಿಂಗಳು ತುಂಬಿಲ್ಲ. 2022ರ ಕೊನೆಯಲ್ಲಿ ಮುಂಬೈಯಲ್ಲಿ ದಡಾರ ಹಬ್ಬಿದಾಗ, ಆರು ತಿಂಗಳು ದಾಟಿದ ಕೂಸುಗಳಿಗೂ ಹೆಚ್ಚುವರಿಯಾಗಿ ಒಂದು ಡೋಸ್ ಹಾಕುವ ನಿರ್ಧಾರವಾಯಿತು.

ಹಾಗೆಂದು ಎರಡು ವರ್ಷದವನನ್ನು ಹೊರಗೆ ಹಾಕಿದರೆ ಏನಾದೀತು? ಅವನು ಇನ್ನೊಂದು ಡೇ ಕೇರ್‌ಗೆ ಹೋಗುತ್ತಾನೆ, ಅಲ್ಲಿ ಕಾರ್ಡ್ ಕೇಳುವುದಿಲ್ಲ, ಅಲ್ಲಿಯೂ ಏಳು ತಿಂಗಳ ಕೂಸಿರುತ್ತದೆ. ಒಳಗಿಟ್ಟುಕೊಂಡು ಲಸಿಕೆ ಹಾಕಿಸುವುದೇ ಜಾಣತನ. ದಡಾರ-ರುಬೆಲ್ಲಾ ಲಸಿಕೆಯನ್ನು ಸರ್ಕಾರಿ ಕೇಂದ್ರದಲ್ಲಿ ಐದು ವರ್ಷದವರೆಗೂ, ಡಿಪಿಟಿಯನ್ನು ಏಳು ವರ್ಷದವರೆಗೂ ಹಾಕುತ್ತಾರೆ. ತಪ್ಪಿದ್ದನ್ನು ಮೊದಲಿನಿಂದ ಶುರುಮಾಡುವ ಅಗತ್ಯವಿಲ್ಲ, ನಿಂತಲ್ಲಿಂದ ಮುಂದುವರಿಸುತ್ತಾರೆ. ಅನೇಕ ಪೋಷಕರು ಬರದಿರುವುದೇ "ತಡವಾಯಿತು, ಬೈಯುತ್ತಾರೆ" ಎಂಬ ಸಂಕೋಚದಿಂದ.

ಜಯನಗರದ ಪ್ಲೇಹೋಮ್

ಡಾಕ್ಟರೇ, ಹೇಳುವುದು ಸುಲಭ. ಒಂದು ಮಗುವಿಗೆ ದಡಾರ ಬಂದರೆ ಪತ್ರಿಕೆಯಲ್ಲಿ ಬರುವುದು ನಮ್ಮ ಹೆಸರು, ನಿಮ್ಮದಲ್ಲ. ಗಡುವು ಕೊಟ್ಟರೆ ಗಡುವಿನ ಮೇಲೆ ಗಡುವು ಕೇಳುತ್ತಾರೆ. ನನ್ನ ಅನುಭವದಲ್ಲಿ ಪ್ರವೇಶದ ದಿನ ಬಿಟ್ಟರೆ ಪೋಷಕರು ಕೈಗೆ ಸಿಗುವುದಿಲ್ಲ.

ಕೂಸಿನಮನೆ ಗದಗ

ಮೇಡಂ, ನಮ್ಮ ಪಂಚಾಯಿತಿಯ ಕೂಸಿನ ಮನೆಯಲ್ಲಿ ನಾನು ಕೇರ್‌ಟೇಕರ್. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳು ಬರುತ್ತಾರೆ. ಕಾರ್ಡ್ ಇಲ್ಲದಿದ್ದರೆ ಬೇಡ ಎಂದರೆ ಆ ಮಗು ಕೆಲಸದ ಜಾಗದಲ್ಲಿ ಮರದ ಕೆಳಗೆ ಬಿಸಿಲಿನಲ್ಲಿ ಮಲಗಿರುತ್ತದೆ. ನಮಗೆ ಬೇಡ ಎನ್ನುವ ಬಾಯಿಯೇ ಇಲ್ಲ.

ನಾವು ಮಾಡುವುದು ಇಷ್ಟೇ. ಗೋಡೆಗೆ ದೊಡ್ಡ ಕ್ಯಾಲೆಂಡರ್ ಹಾಕಿದ್ದೇವೆ. ಯಾವ ಮಗುವಿನ ಲಸಿಕೆ ಯಾವ ಗುರುವಾರ ಎಂದು ಆ ಚೌಕದಲ್ಲೇ ಹೆಸರು. ಬುಧವಾರ ಸಂಜೆ ಮಗುವನ್ನು ಕರೆದೊಯ್ಯಲು ಬಂದ ತಾಯಿಗೆ ಬೆರಳಿಟ್ಟು ತೋರಿಸುತ್ತೇವೆ. ಓದಲು ಬಾರದವರಿಗೆ ಹೆಸರಿನ ಪಕ್ಕ ಅವರ ಮಗುವಿನ ಸಣ್ಣ ಫೋಟೊ ಅಂಟಿಸಿದ್ದೇವೆ. ಅಂಗನವಾಡಿ ಪಕ್ಕದಲ್ಲೇ ಇರುವುದರಿಂದ ಆರೋಗ್ಯ ಸಹಾಯಕಿ ಅಲ್ಲಿಗೇ ಬರುತ್ತಾರೆ. ಕಬ್ಬು ಕಡಿಯಲು ದೂರ ಹೋಗಿ ಬರುವವರ ಮಕ್ಕಳದ್ದೇ ಕಷ್ಟ, ಕಾರ್ಡ್ ಒಂದು ಕಡೆ, ಮಗು ಒಂದು ಕಡೆ.

ಎರಡುಮಕ್ಕಳತಂದೆ

ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಹೆಸರು, ಫೋಟೊ! ಬೆಂಗಳೂರಿನಲ್ಲಾಗಿದ್ದರೆ ನೋಟಿಸು ಬರುತ್ತಿತ್ತು.

ಕೂಸಿನಮನೆ ಗದಗ

ಅಣ್ಣಾ, ನಮ್ಮೂರಿನಲ್ಲಿ ಯಾರ ಮಗು ಎಂದು ಕತ್ತಲಲ್ಲೂ ಗುರುತು ಹಿಡಿಯುತ್ತಾರೆ.

ಸ್ಯಾನ್ ಹೋಸೆಯ ಕನ್ನಡಿತಿ

ಕ್ಯಾಲಿಫೋರ್ನಿಯಾದಲ್ಲಿ ಮನೆಯಲ್ಲೇ ಡೇ ಕೇರ್ ನಡೆಸುವವರ ಬಳಿ ಕೆಲಸ ಮಾಡುತ್ತೇನೆ. ಇಲ್ಲಿ ಈ ಚರ್ಚೆಯೇ ಇಲ್ಲ. 2014ರ ಡಿಸೆಂಬರಿನಲ್ಲಿ ಡಿಸ್ನಿಲ್ಯಾಂಡಿನಿಂದ ದಡಾರ ಹರಡಿದ ಮೇಲೆ, 2015ರಲ್ಲಿ ಕಾನೂನು ತಂದು "ನಮಗೆ ನಂಬಿಕೆಯಿಲ್ಲ" ಎನ್ನುವ ವಿನಾಯಿತಿಯನ್ನೇ ತೆಗೆದುಹಾಕಿದರು. ವೈದ್ಯಕೀಯ ಕಾರಣವಿದ್ದರೆ ಮಾತ್ರ ವಿನಾಯಿತಿ. ಡೇ ಕೇರ್‌ಗೂ ಅದೇ ನಿಯಮ. ಡೋಸ್ ಅರ್ಧ ಆಗಿದ್ದು ಮುಂದಿನದಕ್ಕೆ ಇನ್ನೂ ದಿನ ಬಂದಿಲ್ಲದಿದ್ದರೆ ಷರತ್ತಿನ ಮೇಲೆ ಸೇರಿಸಿಕೊಳ್ಳುತ್ತಾರೆ.

ನಮ್ಮ ಊರುಗಳಿಂದ ಬರುವವರಿಗೆ ಎಡವಟ್ಟಾಗುವುದು ಎರಡು ಕಡೆ. ಒಂದು, ಒಂಬತ್ತು ತಿಂಗಳಿಗೆ ಹಾಕಿಸಿದ ದಡಾರದ ಡೋಸನ್ನು ಇಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ, ಮೊದಲ ಹುಟ್ಟುಹಬ್ಬದ ನಂತರದ್ದೇ ಆಗಬೇಕು. ಎರಡು, ಸರ್ಕಾರಿ ಕಾರ್ಡಿನಲ್ಲಿ ಇರುವುದು ದಡಾರ-ರುಬೆಲ್ಲಾ ಮಾತ್ರ. ಇಲ್ಲಿ ಮಂಗನಬಾವಿನ ಲಸಿಕೆಯೂ ಸೇರಿದ ಎಂಎಂಆರ್ ಕೇಳುತ್ತಾರೆ, ಸೀತಾಳೆ ಸಿಡುಬಿನದ್ದನ್ನೂ ಕೇಳುತ್ತಾರೆ. ವೀಸಾ ಆದ ಮೇಲೆ ಊರಿನಿಂದ ಉಪ್ಪಿನಕಾಯಿ ಕಟ್ಟಿಸಿಕೊಳ್ಳುವಷ್ಟೇ ಶ್ರದ್ಧೆಯಿಂದ ಲಸಿಕೆ ಪುಸ್ತಕದ ಮೇಲೆ ವೈದ್ಯರ ಸಹಿ, ಮೊಹರು ಹಾಕಿಸಿಕೊಂಡು ಬನ್ನಿ.

ಬಿಸಿಬೇಳೆ

ಉಪ್ಪಿನಕಾಯಿಗೂ ಮೊಹರು ಬೇಕಾಗಬಹುದು ಈಗ.

ಪುಟಾಣಿಪಾಲಕಿ, ಮೈಸೂರು

ಸೀತಾಳೆ ಸಿಡುಬಿನ ಮಾತು ಬಂತಲ್ಲ, ನಮಗೆ ನಿಜವಾಗಿ ಕಾಟ ಕೊಡುವುದು ಅದೇ. ಬೇಸಿಗೆ ಬಂದರೆ ಒಬ್ಬರಿಂದ ಒಬ್ಬರಿಗೆ. "ಅಮ್ಮ ಬಂದಿದ್ದಾಳೆ" ಎಂದು ಮನೆಯಲ್ಲಿ ಬೇವಿನ ಸೊಪ್ಪು ಕಟ್ಟುತ್ತಾರೆ, ನಾಲ್ಕನೆಯ ದಿನ ತಲೆಗೆ ನೀರು ಹಾಕಿ ನನ್ನ ಬಳಿ ಕಳುಹಿಸುತ್ತಾರೆ. ಸರ್ಕಾರಿ ಕಾರ್ಡಿನಲ್ಲಿ ಅದರ ಲಸಿಕೆಯೇ ಇಲ್ಲ. ಕೇಳುವುದು ಸರಿಯೇ?

ದಾವಣಗೆರೆ ಮಕ್ಕಳ ವೈದ್ಯ

ಸರ್ಕಾರ ಉಚಿತವಾಗಿ ಕೊಡುವುದನ್ನು ಷರತ್ತಾಗಿ ಇಡಿ. ಹಣ ಕೊಟ್ಟು ಹಾಕಿಸಬೇಕಾದ್ದನ್ನು ಸಲಹೆಯಾಗಿ ಇಡಿ: ಸೀತಾಳೆ ಸಿಡುಬು, ಹೆಪಟೈಟಿಸ್ ಎ, ಎಂಎಂಆರ್, ಟೈಫಾಯ್ಡ್, ಫ್ಲೂ. ಸಾವಿರಾರು ರೂಪಾಯಿಯ ಲಸಿಕೆಯನ್ನು ಎಲ್ಲರ ತಲೆಗೆ ಕಟ್ಟಲಾಗದು. ಆದರೆ ನಾಲ್ಕನೆಯ ದಿನ ಕಳುಹಿಸುವುದಕ್ಕೆ ಮಾತ್ರ ಒಪ್ಪಬೇಡಿ. ಎಲ್ಲ ಗುಳ್ಳೆಗಳೂ ಒಣಗಿ ಹಕ್ಕಳೆಗಟ್ಟಬೇಕು, ಹೊಸದು ಏಳುವುದು ನಿಂತಿರಬೇಕು. ಮಂಗನಬಾವಾದರೆ ಊತ ಕಂಡ ಮೇಲೆ ಐದು ದಿನ, ದಡಾರವಾದರೆ ಗುಳ್ಳೆ ಎದ್ದ ಮೇಲೆ ನಾಲ್ಕು ದಿನ ಮನೆಯಲ್ಲಿ. ಇದನ್ನೂ ಅರ್ಜಿಯಲ್ಲಿ ಬರೆಯಿರಿ.

ದಡಾರವೆಂದು ಖಚಿತವಾದರೆ ಅದೇ ದಿನ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಲಸಿಕೆ ಆಗದ ಉಳಿದ ಮಕ್ಕಳಿಗೆ, ಆ ಮಗುವಿನ ಸಂಪರ್ಕಕ್ಕೆ ಬಂದ 72 ಗಂಟೆಯೊಳಗೆ ಹಾಕಿಸಿದರೆ ಕಾಯಿಲೆಯನ್ನು ತಡೆಯುವ ಅವಕಾಶವಿದೆ. ಯಾರಿಗೆ ಆಗಿಲ್ಲ ಎಂದು ತಿಳಿಯಲು ಫೈಲ್ ಬೇಕೇ ಬೇಕಲ್ಲ? ಕಾರ್ಡ್ ಕೇಳುವುದರ ನಿಜವಾದ ಉಪಯೋಗ ಆ ದಿನಕ್ಕೆ.

ಎರಡುಮಕ್ಕಳತಂದೆ

ಹೀಗೆ ವಿವರಿಸಿದ್ದರೆ ನಾನು ಮೊದಲ ದಿನವೇ ಕೊಡುತ್ತಿದ್ದೆ. ನಮಗೆ ಹೇಳಿದ್ದು "ಮ್ಯಾನೇಜ್‌ಮೆಂಟ್ ರೂಲ್ಸ್" ಎಂದಷ್ಟೇ.

ಮಧ್ಯಾಹ್ನದ ಪಾಳಿ

ಸ್ವಲ್ಪ ಬೇರೆ ವಿಷಯ. ಲಸಿಕೆ ಹಾಕಿಸಿದ ಮರುದಿನ ಬೆಳಿಗ್ಗೆ ಎಂಟಕ್ಕೆ ಪ್ಯಾರಸಿಟಮಾಲ್ ಕುಡಿಸಿ ನಗುನಗುತ್ತಾ ಬಿಟ್ಟುಹೋಗುತ್ತಾರೆ. ಹನ್ನೆರಡರ ಹೊತ್ತಿಗೆ ಔಷಧ ಇಳಿದು ಮೈ ಕೆಂಡ. ಫೋನ್ ಮಾಡಿದರೆ "ಮೀಟಿಂಗಿನಲ್ಲಿದ್ದೇನೆ, ಬ್ಯಾಗಿನಲ್ಲಿ ಸಿರಪ್ ಇದೆ ಕೊಡಿ". ಎಷ್ಟು ಹೊತ್ತಿಗೆ ಕೊಟ್ಟಿದ್ದರು, ಎಷ್ಟು ಕೊಟ್ಟಿದ್ದರು ಎಂದು ಹೇಳುವವರಿಲ್ಲ.

ಗುರುವಾರದಕ್ಕ

ಡಿಪಿಟಿ, ಪೆಂಟಾ ಹಾಕಿದ ಮೇಲೆ ಒಂದೆರಡು ದಿನ ಜ್ವರ, ತೊಡೆಯಲ್ಲಿ ನೋವು ಸಹಜ. ಶುಕ್ರವಾರ ರಜೆ ಹಾಕಿಸಿ. ಬರೆದ ಚೀಟಿ ಇಲ್ಲದೆ ಸಿರಪ್ ಕೊಡಬೇಡಿ, ಕೊಟ್ಟ ಹೊತ್ತನ್ನು ಬರೆದಿಡಿ. ಚುಚ್ಚಿದ ಜಾಗವನ್ನು ತಿಕ್ಕಬೇಡಿ ಎಂದು ಆಯಾಗೆ ಹೇಳಿ, ಎಣ್ಣೆ ಅರಿಸಿನವೂ ಬೇಡ. ದಡಾರದ ಲಸಿಕೆಯ ಜ್ವರ ಬೇರೆ, ಅದು ಏಳೆಂಟು ದಿನ ಕಳೆದ ಮೇಲೆ ಬರಬಹುದು, ಮೈ ಮೇಲೆ ಸಣ್ಣಗೆ ಕೆಂಪಾಗಲೂಬಹುದು. ಅಷ್ಟರಲ್ಲಿ ಎಲ್ಲರೂ ಲಸಿಕೆಯನ್ನು ಮರೆತಿರುತ್ತಾರೆ.

ನಾಟಿಮದ್ದು

ನೋಡಿದಿರಾ, ಜ್ವರ ಬರುತ್ತದೆ ಎಂದು ನೀವೇ ಒಪ್ಪಿಕೊಂಡಿರಿ. ಅದೂ ಅಲ್ಲದೆ ಪಲ್ಸ್ ಪೋಲಿಯೊ ದಿನ ಹನಿ ಹಾಕಿಸಿ ಬೆರಳಿಗೆ ಗುರುತು ಹಾಕಿಸಿಕೊಂಡ ಮೇಲೆ ಮತ್ತೆ ಮತ್ತೆ ಯಾಕೆ?

ಗುರುವಾರದಕ್ಕ

ಇದೇ ಮಾತನ್ನು ಸೇವೆಯುದ್ದಕ್ಕೂ ಕೇಳಿದ್ದೇನೆ. ಬೂತಿನ ಹನಿ ಪೋಲಿಯೊಗೆ ಮಾತ್ರ. ಗಂಟಲುಮಾರಿ, ನಾಯಿಕೆಮ್ಮು, ದಡಾರಕ್ಕೆ ಅದು ಏನೂ ಮಾಡದು. ಆ ಹನಿಯಿಂದಲೇ ಅಲ್ಲವೇ 2011ರ ಜನವರಿಯ ನಂತರ ದೇಶದಲ್ಲಿ ಒಂದೂ ಕಾಡು ಪೋಲಿಯೊ ಪ್ರಕರಣ ಇಲ್ಲದಿರುವುದು? 2017ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲಿ ದಡಾರ-ರುಬೆಲ್ಲಾ ಅಭಿಯಾನ ನಡೆದಾಗಲೂ ವಾಟ್ಸ್ಆ್ಯಪ್ ನೋಡಿ ಶಾಲೆಯಿಂದ ಮಕ್ಕಳನ್ನು ಎಳೆದುಕೊಂಡು ಹೋದವರಿದ್ದರು. ಜ್ವರ ಬರುತ್ತದೆ ತಮ್ಮಾ, ಹೋಗುತ್ತದೆ.

ಸ್ಯಾನ್ ಹೋಸೆಯ ಕನ್ನಡಿತಿ

ಮಕ್ಕಳದ್ದಾಯಿತು, ನೋಡಿಕೊಳ್ಳುವವರದ್ದು? ಇಲ್ಲಿ ಸಿಬ್ಬಂದಿಯೂ ದಡಾರ ಮತ್ತು ನಾಯಿಕೆಮ್ಮಿನ ಲಸಿಕೆಯ ದಾಖಲೆ ಕೊಡಬೇಕು.

ಜಯನಗರದ ಪ್ಲೇಹೋಮ್

ಒಳ್ಳೆಯ ಪ್ರಶ್ನೆ. ನಮ್ಮಲ್ಲಿ ಕೆಲಸಕ್ಕೆ ಬಂದ ಹುಡುಗಿಯೊಬ್ಬಳು ಗರ್ಭಿಣಿ. ಒಂದು ಮಗುವಿಗೆ ಗುಳ್ಳೆ ಕಂಡಾಗ ಅವಳನ್ನು ಮನೆಗೆ ಕಳುಹಿಸಬೇಕೋ ಬೇಡವೋ ಎಂದು ಯಾರಿಗೂ ಗೊತ್ತಿರಲಿಲ್ಲ.

ದಾವಣಗೆರೆ ಮಕ್ಕಳ ವೈದ್ಯ

ಆ ಮಗುವಿನಿಂದ ದೂರವಿಟ್ಟು ಅದೇ ದಿನ ಅವಳ ವೈದ್ಯರ ಬಳಿ ಕಳುಹಿಸಬೇಕು. ರುಬೆಲ್ಲಾ ಗರ್ಭಿಣಿಗೆ ತಗುಲಿದರೆ ಹುಟ್ಟುವ ಮಗುವಿನ ಕಣ್ಣು, ಕಿವಿ, ಹೃದಯಕ್ಕೆ ಹಾನಿ. ಸೀತಾಳೆ ಸಿಡುಬೂ ಅಪಾಯವೇ. ಈ ಲಸಿಕೆಗಳನ್ನು ಗರ್ಭಿಣಿಯಾದ ಮೇಲೆ ಹಾಕುವಂತಿಲ್ಲ, ಆದ್ದರಿಂದ ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಕೇಳಿಡಿ. ಅಡುಗೆಯವರಿಗೆ ಟೈಫಾಯ್ಡ್ ಲಸಿಕೆಯನ್ನೂ ಯೋಚಿಸಿ.

ಬಿಸಿಬೇಳೆ

ಖರ್ಚು ಯಾರದ್ದು? ಆಯಾ ಸಂಬಳದಲ್ಲಿ ಅವಳೇ ಹಾಕಿಸಿಕೊಳ್ಳಲಿ ಎಂದರೆ ಮರುದಿನ ಪಕ್ಕದ ಬೀದಿಯ ಡೇ ಕೇರ್‌ನಲ್ಲಿರುತ್ತಾಳೆ.

ಜಯನಗರದ ಪ್ಲೇಹೋಮ್

ನಾವೇ ಕೊಡುತ್ತೇವೆ. ಎಲ್ಲದಕ್ಕೂ ನಾನು ಕಟುಕಿಯಲ್ಲ!

ಪುಟಾಣಿಪಾಲಕಿ, ಮೈಸೂರು

ಆ ಹುಡುಗನ ತಾಯಿಗೆ ಫೋನ್ ಮಾಡಿದೆ, ತಂದೆಗಲ್ಲ. ಕಾನೂನು ತೆಗೆಯಲಿಲ್ಲ. ದಡಾರ ಬಂದರೆ ಆ ದಿನ ಯಾರನ್ನು ಕರೆಯಬೇಕೆಂದು ತಿಳಿಯಲು ಬೇಕು ಎಂದೆ, ಲಸಿಕೆ ಪುಟ ಮಾತ್ರ ಸಾಕು ಎಂದೆ. ಮೂಲ ಕಾರ್ಡನ್ನೇ ತಂದರು. ಒಂಬತ್ತು ತಿಂಗಳವರೆಗೆ ಎಲ್ಲವೂ ಪೆನ್ನಿನಲ್ಲಿ, ಹದಿನಾರರ ಸಾಲು ಪೆನ್ಸಿಲ್‌ನಲ್ಲಿ. ಹಾಸನದಿಂದ ಇಲ್ಲಿಗೆ ಮನೆ ಬದಲಿಸಿದ್ದೇ ಆ ಹೊತ್ತಿಗೆ. "ಆಗಿದೆ ಎಂದುಕೊಂಡಿದ್ದೆವು" ಎಂದರು. ತಂದೆಗೆ ಸಿಟ್ಟು ಬಂದದ್ದು ಇದನ್ನು ಹೇಳಲಾಗದೆಯೋ ಏನೋ.

ಕೂಸಿನ ತಾಯಿ ಮಾತ್ರ ಇನ್ನೂ ಒಪ್ಪಿಲ್ಲ. ಸದ್ಯಕ್ಕೆ ಅವರ ಮಗುವನ್ನು ಬೇರೆ ಕೋಣೆಯಲ್ಲಿ, ಬೇರೆ ಆಯಾ ಜೊತೆ ಇಟ್ಟಿದ್ದೇನೆ. ಅಕ್ಕಾ, ಇದೇ ಗುರುವಾರ ಸರ್ಕಾರಿ ರಜೆ ಬಿದ್ದಿದೆ. ಮುಂದಿನ ವಾರದವರೆಗೆ ಕಾಯಬೇಕೇ?

ಗುರುವಾರದಕ್ಕ

ಕಾಯಬೇಡಿ. ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಬೇರೆ ದಿನಗಳಲ್ಲೂ ಹಾಕುತ್ತಾರೆ, ಬೆಳಿಗ್ಗೆಯೇ ಹೋಗಲು ಹೇಳಿ. ದಡಾರದ ಬಾಟಲಿ ಒಮ್ಮೆ ಕಲಸಿದರೆ ನಾಲ್ಕು ಗಂಟೆ ಮಾತ್ರ, ಮಧ್ಯಾಹ್ನ ಹೋದರೆ "ಈಗ ಹೊಸದು ಒಡೆಯುವುದಿಲ್ಲ" ಎನ್ನುವವರೂ ಇದ್ದಾರೆ. ಒಂದು ಮಗುವಿದ್ದರೂ ಒಡೆಯಬೇಕು ಎಂದೇ ನಿಯಮ, ಧೈರ್ಯವಾಗಿ ಕೇಳಲಿ. ಜೆರಾಕ್ಸಿನಲ್ಲಿ ಅನುಮಾನ ಬಂದ ಆ ಇನ್ನಿಬ್ಬರನ್ನೂ ಜೊತೆಗೇ ಕಳುಹಿಸಿ.